‘ನಿಮ್ನ ಮಸೂರ’ ಎಂದವಳು ಸೋತಳು: ಒಂದು ಹಳ್ಳಿ ಹೈಸ್ಕೂಲಿನ ರಸಪ್ರಶ್ನೆ ತಂಡದ ಕಥೆ

ಕಿರಿಮಂಜೇಶ್ವರ: ಓದುಗ ಮಹಾಶಯರೇ, ಮೊದಲಿಗೆ ನಿಮಗೇ ಒಂದು ಪ್ರಶ್ನೆ. ಕೊಡಚಾದ್ರಿ ಬೆಟ್ಟ ಯಾವ ಜಿಲ್ಲೆಯಲ್ಲಿದೆ? ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ಪಕ್ಕದ ಸೀಟಿನವರನ್ನೂ ಕೇಳಿ ನೋಡಿ. ಕೊಲ್ಲೂರಿನಿಂದ ಜೀಪು ಹತ್ತಿ ಹೋಗುವ ಬೆಟ್ಟ, ನಮ್ಮದಲ್ಲದೆ ಇನ್ಯಾರದ್ದು ಎನ್ನುತ್ತೀರಾ? ಹಾಗಾದರೆ ಅಂಕ ಹೋಯಿತು. 1343 ಮೀಟರ್ ಎತ್ತರದ ಕೊಡಚಾದ್ರಿ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ.

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. 2002ರ ಮಳೆಗಾಲ. ಎಂಟನೇ ಕ್ಲಾಸಿನಲ್ಲಿದ್ದ ನಾನು ಎದೆಯುಬ್ಬಿಸಿ ‘ಉಡುಪಿ’ ಎಂದೆ. ಬಯಲುಸೀಮೆಯಿಂದ ಬಂದ ಆ ಮನುಷ್ಯ ನಕ್ಕು, “ನಿಮ್ಮೂರಿನ ಬೆಟ್ಟದ ವಿಳಾಸ ನಾನು ಹೇಳಬೇಕೇನಪ್ಪಾ?” ಎಂದರು. ಆ ಮಾತು ನಾಟಿತು. ನಮ್ಮ ಶಾಲೆಯ ರಸಪ್ರಶ್ನೆ ತಂಡ ಹುಟ್ಟಿದ್ದು ಹಾಗೆ. ಅದು ಬದುಕಿದ್ದು ಆರೇ ವರ್ಷ.

ಶಾಲೆಯ ಹೆಸರು ಬರೆಯುವುದಿಲ್ಲ. ಮರವಂತೆಯಿಂದ ಬೈಂದೂರಿನವರೆಗೆ ಹೆದ್ದಾರಿಯ ಎಡಬಲದಲ್ಲಿರುವ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಅದೂ ಒಂದು ಎಂದರೆ ಸಾಕು. ತಂಡ ಹುಟ್ಟಿದ್ದು ಮತ್ತು ಸತ್ತದ್ದು ಹೇಗೆ ಎಂಬ ಕಥೆ ಓದಿದ ಮೇಲೆ, “ಇದು ನಮ್ಮ ಶಾಲೆಯದ್ದೇ ಅಲ್ದಾ?” ಎಂದು ನಿಮಗೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕಲ್ಕತ್ತದಿಂದ ಹೊರಟ ಆಟ

ಈ ರಸಪ್ರಶ್ನೆ ಎಂಬ ಆಟ ನಮ್ಮ ಊರಿನ ಗದ್ದೆಯಲ್ಲಿ ಬೆಳೆದದ್ದಲ್ಲ. ನಮ್ಮ ದೇಶದಲ್ಲಿ ಇದನ್ನು ವ್ಯವಸ್ಥಿತವಾಗಿ ಶುರು ಮಾಡಿದ ಕೀರ್ತಿ ಕಲ್ಕತ್ತದ ನೀಲ್ ಓಬ್ರಿಯಾನ್ ಅವರದು. 1967ರಲ್ಲಿ ಅಲ್ಲಿನ ಇಗರ್ಜಿಯೊಂದರ ಸಭಾಂಗಣದಲ್ಲಿ ಅವರು ಮೊದಲ ಸ್ಪರ್ಧೆ ನಡೆಸಿದರು. 1972ರಲ್ಲಿ ಬೋರ್ನ್‌ವಿಟಾ ಕ್ವಿಜ್ ಬಂತು. ಹಮೀದ್ ಸಯಾನಿ ರೇಡಿಯೋದಲ್ಲಿ ಶಾಲಾ ಮಕ್ಕಳಿಗೆ ಪ್ರಶ್ನೆ ಕೇಳುತ್ತಿದ್ದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಅಮೀನ್ ಸಯಾನಿ ಮುಂದುವರಿಸಿದರು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’. 1992ರಲ್ಲಿ ಬೋರ್ನ್‌ವಿಟಾದ ಸ್ಪರ್ಧೆ ಟಿವಿಗೆ ಬಂದಾಗ ಪ್ರಶ್ನೆ ಕೇಳಿದವರು ನೀಲ್ ಅವರ ಮಗ ಡೆರೆಕ್. ಇತ್ತ ಬೆಂಗಳೂರಿನಲ್ಲಿ 1983ರಲ್ಲೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತ್ತು. ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು.

ಎಲ್ಲಾ ಸೈ. ಆದರೆ ಇವೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು, ಪೇಟೆಯ ಮಕ್ಕಳಿಗಾಗಿ. ನಾಗೂರು, ಕಂಬದಕೋಣೆ ಕಡೆಯಿಂದ ಕೊಡೆ ಹಿಡಿದು ನಡೆದು ಬರುವ ಮಕ್ಕಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಹಳ್ಳಿಯ ಬಾಗಿಲು ತೆರೆದದ್ದು 2000ದ ಆಚೀಚೆ. ಆ ವರ್ಷ ರಾಜ್ಯ ಸರಕಾರದ ಮಾಹಿತಿ ತಂತ್ರಜ್ಞಾನ ಇಲಾಖೆ ಮತ್ತು ಟಿಸಿಎಸ್ ಕಂಪೆನಿ ಸೇರಿ ಗ್ರಾಮೀಣ ಐಟಿ ಕ್ವಿಜ್ ಆರಂಭಿಸಿದವು. ಮಹಾನಗರಪಾಲಿಕೆ ವ್ಯಾಪ್ತಿಯ ಶಾಲೆಗಳಿಗೆ ಅದರಲ್ಲಿ ಪ್ರವೇಶವಿಲ್ಲ ಎಂಬುದೇ ಅದರ ವಿಶೇಷ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲೂ ರಸಪ್ರಶ್ನೆಗೆ ಜಾಗ ಸಿಕ್ಕಿತು. 2002ರಲ್ಲಿ ಚಂದನ ವಾಹಿನಿಯಲ್ಲಿ ವೈದ್ಯರಾದ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ’ ಶುರು ಮಾಡಿದರು. ಅಚ್ಚ ಕನ್ನಡದ ಕಾರ್ಯಕ್ರಮ. ಸರಿಯುತ್ತರಕ್ಕೆ ಬಹುಮಾನ ರೊಕ್ಕವಲ್ಲ, ಕನ್ನಡ ಪುಸ್ತಕ. ಕೇಬಲ್ ಬೇಕಿಲ್ಲ, ಮಾಡಿನ ಮೇಲೊಂದು ಆಂಟೆನಾ ಇದ್ದರೆ ಸಾಕು. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಕೂತು, ಅಲ್ಲಿಯ ಅಜ್ಜಿ ವೀಳ್ಯ ಮೆಲ್ಲುತ್ತಾ ಹೇಳುವ ಉತ್ತರಕ್ಕೂ ಸೋಮೇಶ್ವರರ ಉತ್ತರಕ್ಕೂ ತಾಳೆ ನೋಡುತ್ತಿದ್ದೆ. ಪುರಾಣದ ಪ್ರಶ್ನೆಯಲ್ಲಿ ಅಜ್ಜಿ ಒಮ್ಮೆಯೂ ತಪ್ಪಿದವರಲ್ಲ. ಯಕ್ಷಗಾನ ನೋಡಿದ ಪುಣ್ಯ!

ಬೀಗ ಹಾಕಿದ ಕಪಾಟು

ಮೇಷ್ಟ್ರು ಮೊದಲು ಮಾಡಿದ ಕೆಲಸ ಶಾಲೆಯ ಪುಸ್ತಕದ ಕಪಾಟಿನ ಬೀಗದ ಕೈ ಹುಡುಕಿದ್ದು. ಲೈಬ್ರರಿಗೆಂದು ಬೇರೆ ಜನ ಇಲ್ಲದ ಶಾಲೆ. ಪುಸ್ತಕ ಕಳೆದರೆ ಯಾರ ತಲೆಗೆ ಬರುತ್ತದೋ ಎಂಬ ಹೆದರಿಕೆಯಲ್ಲಿ ಕಪಾಟಿಗೆ ಸದಾ ಬೀಗ. ಕೈ ಸಿಕ್ಕಿದ್ದು ಸೀಮೆಸುಣ್ಣದ ಡಬ್ಬಿಯಲ್ಲಿ. ಬಾಗಿಲು ತೆಗೆದರೆ ಗೆದ್ದಲು ಅರ್ಧ, ಪುಸ್ತಕ ಅರ್ಧ.

ಆ ಉಳಿದ ಅರ್ಧದಲ್ಲಿ ಕೋಟ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಎರಡು ಸಂಪುಟ ಇತ್ತು. ಇದ್ದದ್ದು ನಾಲ್ಕು, ನಮಗೆ ದಕ್ಕಿದ್ದು ಎರಡು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳಾಗಿ ಬಂದ ‘ಜ್ಞಾನ ಗಂಗೋತ್ರಿ’ಯದ್ದು ಒಂದು. ಕಾರಂತರು ಜ್ಞಾನಪೀಠ ಪಡೆದವರು, ಯಕ್ಷಗಾನ ಬ್ಯಾಲೆ ಮಾಡಿದವರು ಎಂದು ನಮ್ಮವರಿಗೆಲ್ಲ ಗೊತ್ತು. ಆದರೆ 1936ರಷ್ಟು ಹಿಂದೆಯೇ ಅವರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ಮೂರು ಸಂಪುಟದ ವಿಶ್ವಕೋಶ ಬರೆದಿದ್ದರು ಎಂಬುದು ಎಷ್ಟು ಮಂದಿಗೆ ಗೊತ್ತು? ಕೋಟದ ಒಬ್ಬ ಮನುಷ್ಯ ಒಂಟಿ ಕೈಯಲ್ಲಿ ಜಗತ್ತನ್ನೆಲ್ಲ ಕನ್ನಡಕ್ಕೆ ತಂದು ಇಟ್ಟಿದ್ದರು. ಅದೇ ಸೀಮೆಯ ಮಕ್ಕಳಾದ ನಮಗೆ ಅದು ಸಿಕ್ಕಿದ್ದು ಗೆದ್ದಲು ತಿಂದು ಮಿಕ್ಕ ಮೇಲೆ.

ಇನ್ನು ಪೇಪರು. ಶಾಲೆಗೆ ಬರುತ್ತಿರಲಿಲ್ಲ. ಬಸ್‌ಸ್ಟಾಪಿನ ಹೋಟೆಲಿಗೆ ಬರುತ್ತಿತ್ತು. ಹೋಟೆಲಿನವರು ಹಿಂದಿನ ದಿನದ ಪೇಪರನ್ನು ಬಜೆ ಕಟ್ಟಲಿಕ್ಕೆ ಇಡುತ್ತಿದ್ದರು. ಮೇಷ್ಟ್ರು ಚಹಾ ಕುಡಿಯಲು ಹೋದವರು ಅದನ್ನು ಕೇಳಿ ತಂದರು. ಮರುದಿನದಿಂದ ಹೋಟೆಲಿನವರೇ ಶಾಲೆಯ ಮಕ್ಕಳ ಕೈಲಿ ಕಳಿಸತೊಡಗಿದರು. ಒಂದು ದಿನ ಹಳೆಯ ಸುದ್ದಿ, ಆದರೆ ಸುದ್ದಿ ಸುದ್ದಿಯೇ.

ಮೂರನೆಯದು ಮಕ್ಕಳು. ತಂಡಕ್ಕೆ ಇಬ್ಬರು ಬೇಕು. ಒಬ್ಬ ನಾನು. ಇನ್ನೊಬ್ಬಳು ಗೇರುಬೀಜ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ತಾಯಿಯ ಮಗಳು, ನನಗಿಂತ ನೂರು ಪಾಲು ಚುರುಕು. ಸ್ಪರ್ಧೆ ಮುಗಿದು ಊರಿಗೆ ಬರುವಾಗ ಕತ್ತಲಾಗುತ್ತದೆ ಎಂದು ತಾಯಿ ಒಪ್ಪಲಿಲ್ಲ. “ಹೆಣ್ ಹುಡ್ಗಿನ್ ರಾತ್ರಿ ಮೇಲ್ ಬಸ್ಸಲ್ ಕಳ್ಸುದ್ ಹ್ಯಾಂಗ್ ಮಾಷ್ಟ್ರೇ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಕೊನೆಗೆ ಹಿಂದಿ ಟೀಚರು, “ನಾನೂ ಬರ್ತೆ, ಮನೆ ಬಾಗಿಲಿಗೇ ತಂದ್ ಬಿಡ್ತೆ” ಎಂದು ಹೊಣೆ ಹೊತ್ತರು. ಬಸ್ ಚಾರ್ಜು ಮೇಷ್ಟ್ರದ್ದು. ತಂಡ ಎಂದರೆ ವೇದಿಕೆಯ ಮೇಲೆ ಕಾಣುವ ಇಬ್ಬರು ಮಕ್ಕಳಷ್ಟೇ ಅಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹತ್ತು ಅಂಕ ಹೋದದ್ದು ಎಲ್ಲಿಗೆ?

ಮೊದಲ ವರ್ಷ ವಲಯ ಮಟ್ಟದಲ್ಲೇ ಸೋತೆವು. ಎರಡನೇ ವರ್ಷ, ಅಂದರೆ 2003ರಲ್ಲಿ, ವಲಯದಲ್ಲಿ ಮೊದಲ ಸ್ಥಾನ. ಆ ಹುಮ್ಮಸ್ಸಿನಲ್ಲಿ ಒಂದು ಖಾಸಗಿ ಸಂಸ್ಥೆ ನಡೆಸಿದ ಜಿಲ್ಲಾ ಮಟ್ಟದ ಸ್ಪರ್ಧೆಗೂ ಹೋದೆವು. ದೊಡ್ಡ ಸಭಾಂಗಣ, ಮೈಕು, ಆರು ತಂಡ, ಎದುರಿಗೆ ಗುಂಡಿ ಒತ್ತಿದರೆ ಕಿರುಚುವ ಬಜರು. ಪ್ರಶ್ನೆ ಎಲ್ಲ ಇಂಗ್ಲಿಷಿನಲ್ಲಿ.

ಆಟದ ಕ್ರಮ ಗೊತ್ತಿಲ್ಲದವರಿಗೆ ಎರಡು ಮಾತು. ನೇರ ಪ್ರಶ್ನೆಗೆ ಸರಿಯುತ್ತರ ಹೇಳಿದರೆ ಹತ್ತು ಅಂಕ. ಗೊತ್ತಿಲ್ಲದಿದ್ದರೆ ಪ್ರಶ್ನೆ ಪಕ್ಕದ ತಂಡಕ್ಕೆ ‘ಪಾಸ್’. ಅವರು ಹೇಳಿದರೆ ಐದು. ಇದರಲ್ಲಿ ಒಂದು ಲೋಪ ಇದೆ. ದಡ್ಡ ತಂಡದ ಪಕ್ಕ ಕೂತವರಿಗೆ ಸುಗ್ಗಿ! ಪಾಸಾಗಿ ಬಂದದ್ದೂ ಅವರಿಗೆ, ಮುಂದಿನ ನೇರ ಪ್ರಶ್ನೆಯೂ ಅವರಿಗೆ. ಅದಕ್ಕೇ ತಿಳಿದ ಕ್ವಿಜ್ ಮಾಸ್ಟರುಗಳು ಬೇರೆ ಕ್ರಮ ಮಾಡಿಕೊಂಡಿದ್ದಾರೆ. ಅದರಲ್ಲಿ ಪಾಸಾಗಿ ಬಂದರೂ ಪೂರ್ತಿ ಅಂಕ. ಉತ್ತರ ಹೇಳಿದ ತಂಡದ ಪಕ್ಕದವರಿಂದ ಮುಂದಿನ ಪ್ರಶ್ನೆ ಶುರು. ಹೀಗೆ ಮಾಡಿದರೆ ಕೂತ ಜಾಗದ ಅದೃಷ್ಟ ಕಡಿಮೆಯಾಗುತ್ತದೆ. ನಾವು ಹೋದಲ್ಲಿ ಹಳೇ ಕ್ರಮವೇ ಇತ್ತು.

ಕೊನೆಯ ಸುತ್ತು. ನಮಗೆ ಬಂದ ಪ್ರಶ್ನೆ: ಶಾರ್ಟ್ ಸೈಟ್ ಇದ್ದವರ ಕನ್ನಡಕಕ್ಕೆ ಹಾಕುವುದು ಯಾವ ಲೆನ್ಸು? ನನ್ನ ಜೊತೆಗಾರ್ತಿ ಎದ್ದು ನಿಂತು ಸ್ಪಷ್ಟವಾಗಿ, “ನಿಮ್ನ ಮಸೂರ” ಎಂದಳು.

ಕ್ವಿಜ್ ಮಾಸ್ಟರು ಕೈಯಲ್ಲಿದ್ದ ಚೀಟಿ ನೋಡಿದರು, ಅವಳ ಮುಖ ನೋಡಿದರು. “ಏನು? ಇಂಗ್ಲಿಷಲ್ಲಿ ಹೇಳಮ್ಮಾ.” ಅವಳು ನನ್ನ ಕಡೆ ತಿರುಗಿದಳು. ಕಾನ್‌ಕೇವೋ ಕಾನ್ವೆಕ್ಸೋ, ಯಾವುದು ಒಳಗೆ ತಗ್ಗಿದ್ದು, ಯಾವುದು ಉಬ್ಬಿದ್ದು ಎಂದು ಆ ಹೊತ್ತಿಗೆ ನನಗೆ ದೇವರಾಣೆಗೂ ನೆನಪಾಗಲಿಲ್ಲ. ಗಂಟೆ ಹೊಡೆಯಿತು. ಪ್ರಶ್ನೆ ಪಾಸಾಯಿತು. ಪಕ್ಕದ ಮೇಜಿನ ಹುಡುಗ, “ಕಾನ್‌ಕೇವ್ ಲೆನ್ಸ್” ಎಂದ. ಚಪ್ಪಾಳೆ. ಅವರಿಗೆ ಐದು ಅಂಕ.

ಅವಳು ಹೇಳಿದ್ದೂ ಅದನ್ನೇ ಸ್ವಾಮಿ! ನಿಮ್ನ ಎಂದರೆ ತಗ್ಗಾದದ್ದು. ಸರಕಾರವೇ ಅಚ್ಚು ಹಾಕಿಸಿ ಕೊಟ್ಟ ಪಾಠಪುಸ್ತಕದಲ್ಲಿದ್ದ ಪದ. ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುತ್ತಾರೆ, ವೇದಿಕೆಯಲ್ಲಿ ಹೇಳಿದರೆ ಇಲ್ಲ. ಮೇಷ್ಟ್ರು ಸಭೆಯಿಂದ ಎದ್ದು ಆಕ್ಷೇಪ ಹೇಳಿದರು. ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಉತ್ತರ ಬಂತು. ಲೆಕ್ಕ ಹಾಕಿದಾಗ ಮೂರನೇ ಸ್ಥಾನದವರಿಗಿಂತ ನಾವು ಐದು ಅಂಕ ಹಿಂದೆ. ಮೂರನೇ ಸ್ಥಾನ ಯಾರಿಗೆ ಬಂತು ಎನ್ನುತ್ತೀರಿ? ಅದೇ ಪಕ್ಕದ ಮೇಜಿನವರಿಗೆ. ಬಹುಮಾನ ಇದ್ದದ್ದು ಮೂವರಿಗೆ.

ವಾಪಸು ಬರುವ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಟಿಕೇಟು ಕೊಡಲು ಬಂದ ಕಂಡಕ್ಟರು, “ಎಂತ ಮಾಷ್ಟ್ರೇ, ಮಕ್ಳ್ ಮೋರೆ ಸಪ್ಪೆ ಇತ್ತಲೆ?” ಎಂದ. ಮೇಷ್ಟ್ರು ಉತ್ತರಿಸಲಿಲ್ಲ. ಕುಂದಾಪುರದಲ್ಲಿ ಇಳಿದು ಎಲ್ಲರಿಗೂ ಗೋಳಿಬಜೆ ಕೊಡಿಸಿದರು. ತಾವು ತಿನ್ನಲಿಲ್ಲ.

ಮೂರು ಕಾಲಮಿನ ಪುಸ್ತಕ

ಮರುದಿನ ಬೆಳಿಗ್ಗೆ ಅವರು ಇನ್ನೂರು ಪುಟದ ಹೊಸ ನೋಟ್ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಸ್ಕೇಲು ಹಿಡಿದು ಪ್ರತಿ ಪುಟದಲ್ಲೂ ಗೆರೆ ಎಳೆಸಿದರು. ಮೊದಲ ಕಾಲಮು ಕನ್ನಡ, ಎರಡನೆಯದು ಇಂಗ್ಲಿಷ್. ನಿಮ್ನ ಮಸೂರ ಮೊದಲ ಸಾಲಿನಲ್ಲೇ ಬಂತು. ಆಮೇಲೆ ಪೀನ ಮಸೂರ, ಕಾನ್ವೆಕ್ಸ್ ಲೆನ್ಸ್. ವಿಕರ್ಣ, ಹೈಪಾಟಿನ್ಯೂಸ್. ಜಡತ್ವ, ಇನರ್ಷಿಯಾ. ವೇಗೋತ್ಕರ್ಷ, ಆಕ್ಸಲರೇಷನ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ದಿನಕ್ಕೆ ಹತ್ತು ಪದ.

ಮೂರನೆಯ ಕಾಲಮಿನ ತಲೆಬರಹ, ‘ಎಲ್ಲಿ ನೋಡಿದ್ದು’. ಅಲ್ಲೇ ಇತ್ತು ಮೇಷ್ಟ್ರ ಹಠ. ಪದವಾಗಲಿ ಪ್ರಶ್ನೆಯಾಗಲಿ, ಯಾವ ಪುಸ್ತಕದ ಎಷ್ಟನೇ ಪುಟ, ಯಾವ ತಾರೀಕಿನ ಪೇಪರು ಎಂದು ಬರೆಯದೆ ಒಂದು ಸಾಲೂ ಒಳಗೆ ಬರುವಂತಿಲ್ಲ. “ಯಾರೋ ಹೇಳಿದರು ಸಾರ್” ಎಂದರೆ, “ಆ ಯಾರೋ ಯಾರಪ್ಪಾ?” ಎನ್ನುತ್ತಿದ್ದರು.

ಒಮ್ಮೆ ನಾನೊಂದು ಭಾರೀ ಕಥೆ ತಂದೆ. 1791ರಲ್ಲಿ ಐರ್ಲೆಂಡಿನ ಡಬ್ಲಿನ್ ಪಟ್ಟಣದ ಡೇಲಿ ಎಂಬ ನಾಟಕ ಕಂಪೆನಿ ಯಜಮಾನ, ಅರ್ಥವೇ ಇಲ್ಲದ ಹೊಸ ಪದವೊಂದನ್ನು ಒಂದೇ ದಿನದಲ್ಲಿ ಊರಿಡೀ ಹಬ್ಬಿಸುತ್ತೇನೆಂದು ಬಾಜಿ ಕಟ್ಟಿದನಂತೆ. ರಾತ್ರೋರಾತ್ರಿ ಗೋಡೆಗಳ ಮೇಲೆಲ್ಲ ‘ಕ್ವಿಜ್’ ಎಂದು ಬರೆಸಿದನಂತೆ. ಆ ಪದ ಹುಟ್ಟಿದ್ದೇ ಹಾಗಂತೆ. ಮೇಷ್ಟ್ರು ಮೂರನೇ ಕಾಲಮು ತೋರಿಸಿದರು. ನನ್ನಲ್ಲಿ ಬರೆಯಲು ಏನೂ ಇರಲಿಲ್ಲ. ಕಥೆ ಹೊರಗೇ ಉಳಿಯಿತು. ಪತ್ರಿಕೆಗೆ ಸೇರಿದ ಮೇಲೆ ಹುಡುಕಿ ನೋಡಿದೆ. ಬಾಜಿ ನಡೆಯಿತೆನ್ನುವ ವರ್ಷಕ್ಕಿಂತ ಮೊದಲೇ, 1780ರ ದಶಕದಲ್ಲೇ, ಆ ಪದ ಬಳಕೆಯಲ್ಲಿತ್ತು. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ವರದಿಗಾರಿಕೆಯ ಪಾಠ ಯಾರೂ ಮಾಡಲಿಲ್ಲ. ಮಾಡಿದ್ದರೆ ಆ ಮೂರನೇ ಕಾಲಮೇ ಮಾಡಿದ್ದು.

ಪುಸ್ತಕದ ಹಿಂಬದಿಯ ಹಾಳೆಗಳು ‘ನಮ್ಮೂರು’ ಎಂಬ ವಿಭಾಗ. ಕೊಡಚಾದ್ರಿ ಅಲ್ಲಿ ಒಂದನೇ ನಂಬರು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿಯ ನದಿ ಯಾವುದು? ಸೌಪರ್ಣಿಕೆ. 1974ರಲ್ಲಿ ‘ವರ್ಧಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕವಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ್ದು ಎಲ್ಲಿ? ಇಲ್ಲೇ, ಮೊಗೇರಿಯಲ್ಲಿ. ಜಗತ್ತನ್ನು ತಿಳಿಯುವ ಮೊದಲು ಜಗಲಿಯನ್ನು ತಿಳಿ ಎಂಬುದು ಮೇಷ್ಟ್ರ ಲೆಕ್ಕ.

ಆ ಪುಸ್ತಕ ಹಿಡಿದು 2004ರಲ್ಲಿ ಜಿಲ್ಲಾ ಮಟ್ಟಕ್ಕೆ ಹೋದೆವು. ಎರಡನೇ ಸ್ಥಾನ. ಬಹುಮಾನ ತಲಾ ಒಂದು ಇಂಗ್ಲಿಷ್-ಕನ್ನಡ ನಿಘಂಟು. ಅವಳು ಉತ್ತರ ಹೇಳುವಾಗಲೆಲ್ಲ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕನ್ನಡ ಬಿಡಲಿಲ್ಲ!

ತಂಡ ನಿಂತದ್ದು ಹೇಗೆ?

ನಾವು ಎಸ್ಸೆಸ್ಸೆಲ್ಸಿ ಮುಗಿಸಿದೆವು. ಪುಸ್ತಕ ಕಿರಿಯರಿಗೆ ದಾಟಿತು. ಪುಟ ಹರಿಯತೊಡಗಿದಾಗ ಬಸ್‌ಸ್ಟಾಪಿನ ಹತ್ತಿರದ ಜೆರಾಕ್ಸ್ ಅಂಗಡಿಯವರು ಪೂರ್ತಿ ಪ್ರತಿ ತೆಗೆದು ಕೊಟ್ಟರು, ಮಕ್ಕಳಿಗೆಂದು ಅರ್ಧ ದರ. 2006ರಲ್ಲಿ ಇನ್ನೊಂದು ಜೋಡಿ ವಲಯ ಗೆದ್ದಿತು.

2008ರಲ್ಲಿ ಮೇಷ್ಟ್ರಿಗೆ ವರ್ಗಾವಣೆಯಾಯಿತು. ಅವರೇ ಕೇಳಿ ಪಡೆದದ್ದು. ಊರಿನಲ್ಲಿ ವಯಸ್ಸಾದ ತಂದೆ ತಾಯಿ. ಯಾರೂ ತಪ್ಪು ಹೇಳುವಂತಿಲ್ಲ. ಬೀಳ್ಕೊಡುಗೆಯ ದಿನ ಶಾಲು, ಹಣ್ಣು, ಭಾಷಣ ಎಲ್ಲ ಆಯಿತು. ಕಪಾಟಿನ ಬೀಗದ ಕೈ ಯಾರಿಗೆ ಕೊಡಬೇಕು ಎಂದು ಅವರು ಕೇಳಿದಾಗ ಮಾತ್ರ ಸಭೆ ಸುಮ್ಮನಾಯಿತು.

ಆ ಜಾಗಕ್ಕೆ ಬೇರೆಯವರು ಬರಲು ತಡವಾಯಿತು. ಬಂದವರಿಗೆ ಪಾಠ ಮುಗಿಸುವುದೇ ದೊಡ್ಡದಾಯಿತು. ಹಿಂದಿ ಟೀಚರು ನಿವೃತ್ತರಾದರು. ಹೋಟೆಲು ಕೈ ಬದಲಾಯಿತು, ಪೇಪರು ಬರುವುದು ನಿಂತಿತು. ತಂಡ ನಿಲ್ಲಿಸಿ ಎಂದು ಯಾರೂ ಆರ್ಡರು ಹೊರಡಿಸಲಿಲ್ಲ. ಒಂದು ವರ್ಷ ಹೆಸರು ಕಳಿಸಲಿಲ್ಲ, ಅಷ್ಟೇ. ಮರುವರ್ಷ ಯಾರಿಗೂ ನೆನಪಿರಲಿಲ್ಲ.

ತಂಡ ನಿಂತ ಮೇಲೆಯೂ ಊರಲ್ಲಿ ಪ್ರಶ್ನೆಗಳು ಹುಟ್ಟುತ್ತಲೇ ಇದ್ದವು. ಕುಂದಾಪುರದ ವೈದೇಹಿಯವರಿಗೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ನಮ್ಮ ವಂಡ್ಸೆಯ ಗುರುರಾಜ ಪೂಜಾರಿ, 56 ಕಿಲೋ ವಿಭಾಗದ ಭಾರ ಎತ್ತುವಿಕೆಯಲ್ಲಿ ಬೆಳ್ಳಿ. ಅದೇ ವರ್ಷ ಬೈಂದೂರು ಸ್ವಂತ ತಾಲೂಕಾಯಿತು. ಹದಿನೇಳು ನಂಬರಿನ ಹೆದ್ದಾರಿ ಅರವತ್ತಾರಾಯಿತು. ‘ನಮ್ಮೂರು’ ವಿಭಾಗದಲ್ಲಿ ಬರೆಯಬೇಕಾದ ಸಾಲುಗಳಿವು. ಬರೆಯುವವರು ಇರಲಿಲ್ಲ.

ಮೊಬೈಲಿದ್ದ ಮೇಲೆ ಇದೆಲ್ಲ ಯಾಕೆ?

ಹೀಗೆ ಕೇಳುವವರಿದ್ದಾರೆ. ಉತ್ತರವೆಲ್ಲ ಬೆರಳ ತುದಿಯಲ್ಲೇ ಇರುವಾಗ ನೆನಪಿಡುವ ಕರ್ಮ ಯಾರಿಗೆ ಬೇಕು ಎಂಬುದು ಅವರ ವಾದ. ಒಪ್ಪೋಣ. ಆದರೆ ಅದೇ ಮೊಬೈಲಿಗೆ ದಿನ ಬೆಳಗಾದರೆ ಬರುವ ಸಂದೇಶಗಳಲ್ಲಿ ಯಾವುದು ನಿಜ, ಯಾವುದು ಬುರುಡೆ ಎಂದು ಹೇಳುವವರು ಯಾರು? ಡಬ್ಲಿನ್ನಿನ ಡೇಲಿಗೆ ಗೋಡೆ ಬೇಕಾಗಿತ್ತಂತೆ. ಇಂದಿನ ಡೇಲಿಗಳಿಗೆ ಗೋಡೆಯೂ ಬೇಡ. ಅಂಗಡಿ ಮುಂದೆ ಕೂತು, “ಹ್ವಾಯ್, ಇದ್ ಕಂಡ್ರಿಯಾ?” ಎಂದು ಮೊಬೈಲು ತೋರಿಸುವವರಿಗೆ, ‘ಎಲ್ಲಿ ನೋಡಿದ್ದು’ ಎಂಬ ಮೂರನೇ ಕಾಲಮು ಇಲ್ಲ. ರಸಪ್ರಶ್ನೆ ತಂಡದಲ್ಲಿದ್ದ ಮಕ್ಕಳು ಆ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಅವರಿಗೆ ಅದು ಅಭ್ಯಾಸವಾಗಿ ಹೋಗಿರುತ್ತದೆ.

ನನ್ನ ಜೊತೆಗಾರ್ತಿ ಈಗ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಈ ಲೇಖನಕ್ಕಾಗಿ ಮಾತಾಡಿಸಿದೆ. ಹಳೆಯದೆಲ್ಲ ನೆನಪಿದೆಯೇ ಎಂದೆ. ಅವಳು ಪಾಸ್‌ಬುಕ್ಕಿನಿಂದ ತಲೆ ಎತ್ತದೆ ಹೇಳಿದ್ದು ಇಷ್ಟೇ: “ನಾ ಹೇಳದ್ದ್ ಸರಿಯೇ ಇದ್ದಿತ್ತ್.”

ಅಂಗಡಿಯವರಲ್ಲೊಂದು ಅರಿಕೆ

ಇಲಾಖೆಯವರು ಕಣ್ಣು ತೆರೆಯಲಿ, ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ ಎಂದು ಬರೆದು ಮುಗಿಸಬಹುದು. ಸ್ಪರ್ಧೆ ನಡೆಸುವವರಿಗೆ ಒಂದು ಮಾತಂತೂ ಹೇಳಲೇಬೇಕು. ಉತ್ತರದ ಚೀಟಿಯಲ್ಲಿ ಇಂಗ್ಲಿಷಿನ ಪಕ್ಕ ಪಾಠಪುಸ್ತಕದ ಕನ್ನಡ ಪದವನ್ನೂ ಬರೆದಿಟ್ಟುಕೊಳ್ಳಿ. ಅದಕ್ಕೆ ಖರ್ಚಿಲ್ಲ.

ಉಳಿದದ್ದು ನಮ್ಮ ನಿಮ್ಮ ಕೈಯಲ್ಲೇ ಇದೆ. ನಮ್ಮ ತಂಡಕ್ಕೆ ಬೇಕಾದದ್ದು ಏನೇನು ಎಂದು ಈಗ ಎಣಿಸಿದರೆ ಅನುದಾನವೂ ಅಲ್ಲ, ಕಟ್ಟಡವೂ ಅಲ್ಲ. ಬೀಗ ತೆಗೆದ ಕಪಾಟು, ಒಂದು ದಿನ ಹಳೆಯ ಪೇಪರು, ಇಬ್ಬರು ಮಕ್ಕಳ ಬಸ್ ಚಾರ್ಜು, ಕತ್ತಲಾದ ಮೇಲೆ ಹುಡುಗಿಯನ್ನು ಮನೆ ಮುಟ್ಟಿಸುವ ಒಬ್ಬ ಹೆಂಗಸು. ಇಷ್ಟರಲ್ಲಿ ಒಂದು ಕಳಚಿದರೂ ತಂಡವಿಲ್ಲ. ಎಲ್ಲವನ್ನೂ ಒಬ್ಬ ಮೇಷ್ಟ್ರ ಹೆಗಲಿಗೆ ಹಾಕಿದ್ದು ನಮ್ಮ ತಪ್ಪು. ಅವರು ಬಸ್ಸು ಹತ್ತಿದ ದಿನ ಎಲ್ಲವೂ ಅವರ ಜೊತೆಗೇ ಹೋಯಿತು.

ಕ್ಷೌರದಂಗಡಿ, ಮೆಡಿಕಲ್, ಹೋಟೆಲು, ಟೈಲರು, ಎಲ್ಲರಲ್ಲೂ ಬೆಳಿಗ್ಗೆ ಪೇಪರು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ರದ್ದಿ. ಆ ರದ್ದಿಯನ್ನು ಮಡಚಿ, ಶಾಲೆ ಬಿಡುವ ಮೊದಲು ಯಾವುದಾದರೂ ಮಗುವಿನ ಕೈಗೆ ಕೊಡಿ. ಒಂದು ಅಂಗಡಿಗೆ ವಾರಕ್ಕೆ ಒಂದು ದಿನ ಸಾಕು.

ಅಂದ ಹಾಗೆ, ಆ ಮೂರು ಕಾಲಮಿನ ಪುಸ್ತಕ ಎಲ್ಲಿದೆ ಎಂದು ಕೇಳುತ್ತೀರಾ? ಶಾಲೆಯಲ್ಲಿಲ್ಲ. ಮೊನ್ನೆ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೇಜಿನ ಕೆಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಟ್ಟೊಂದನ್ನು ತೆಗೆದರು. ಅದೇ ಪುಸ್ತಕ, ರಟ್ಟು ಕಿತ್ತು ಹೋಗಿದೆ, ಒಳಗೆ ಒಂದು ಹಾಳೆಯೂ ಕಳೆದಿಲ್ಲ. ಮೊದಲ ಪುಟದ ಮೊದಲ ಸಾಲು: ನಿಮ್ನ ಮಸೂರ.

“ಕೇಳುಕ್ ಯಾರಾರೂ ಬತ್ರ್ ಅಂದ್ಕಂಡ್ ಇಟ್ಕಂಡಿದ್ದೆ ಮಾರ್ರೆ,” ಎಂದರು. “ದರ ಅದೇ, ಅರ್ಧ.”